ಮಳೆ ಹಿಡಿದಾಗ ವಾಟ್ಸಾಪೋ, ಎಕ್ಸೋ, ಟೆಲಿಗ್ರಾಮೋ? ಊರ ತಂಡಗಳಿಗೊಂದು ಹೋಲಿಕೆ

ಮೇ ತಿಂಗಳು ಮುಗಿಯುತ್ತಾ ಬಂತು ಅಂದರೆ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆಗಳು ಬರಲು ಶುರುವಾಗುತ್ತವೆ. "ಊರಿಗೊಂದು ಎಮರ್ಜೆನ್ಸಿ ಗ್ರೂಪ್ ಮಾಡ್ಬೇಕು ಅಂತಿದೀವಿ. ವಾಟ್ಸಾಪ್ ಸಾಕಾ?" "ಟೆಲಿಗ್ರಾಂ ಒಳ್ಳೇದಂತೆ, ಹೌದಾ?" "ಟ್ವಿಟರಲ್ಲಿ ಟ್ಯಾಗ್ ಮಾಡಿದ್ರೆ ಬೇಗ ಬರ್ತಾರಂತಲ್ಲ?" ಕೇಳುವವರಲ್ಲಿ ಮಲೆನಾಡಿನ ಯುವಕ ಸಂಘದವರಿದ್ದಾರೆ, ಬೆಂಗಳೂರಿನ ಅಪಾರ್ಟ್‌ಮೆಂಟಿನವರಿದ್ದಾರೆ, ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಅಮೆರಿಕದಲ್ಲಿ ಕೂತವರೂ ಇದ್ದಾರೆ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ತಪ್ಪಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಿದ್ದಿದ್ದು 2018ರ ಆಗಸ್ಟಿನಲ್ಲಿ. ಆಶ್ಲೇಷ ಮಳೆ ಮುಗಿದು ಮಘೆ ಹಿಡಿಯುವ ಹೊತ್ತು. ಕೊಡಗಿನಲ್ಲಿ ಜೋಡುಪಾಲ, ಮಕ್ಕಂದೂರು, ಮಾದಾಪುರದ ಕಡೆ ಗುಡ್ಡಗಳೇ ಜಾರಿದ್ದವು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆ ಕಡಿದುಹೋಗಿತ್ತು. ನಾವು ಏಳೆಂಟು ಜನ ಮೈಸೂರಿನ ಒಂದು ಮನೆಯ ಹಜಾರದಲ್ಲಿ ಕೂತು, ವಾಟ್ಸಾಪಿನಲ್ಲಿ ಸಹಾಯ ಕೇಳಿ ಬಂದ ಒಂದೊಂದೇ ಸಂದೇಶದಲ್ಲಿದ್ದ ನಂಬರಿಗೆ ಕರೆ ಮಾಡುತ್ತಿದ್ದೆವು. ಮೂರನೇ ದಿನ ಒಬ್ಬರು ಫೋನ್ ಎತ್ತಿ, "ಸ್ವಾಮಿ, ನಮ್ಮನ್ನ ಕರ್ಕೊಂಡು ಬಂದು ಎರಡು ದಿನ ಆಯ್ತು. ಬೆಳಗ್ಗೆಯಿಂದ ನೀವು ನಲವತ್ತನೇಯವರೋ ಏನೋ. ಚಾರ್ಜ್ ಉಳಿಸ್ಕೊಳ್ಳಕ್ಕೂ ಬಿಡ್ತಿಲ್ಲ" ಅಂದರು. ಬೈದರು ಅಂತಲೇ ಹೇಳಬೇಕು. ಬೈಗುಳ ಸರಿಯಾಗೇ ಇತ್ತು. ನಾವು ನಲವತ್ತು ಜನ ಸೇರಿ ಅವರ ಬ್ಯಾಟರಿ ಕೊಂದಿದ್ದೆವು. ಆ ಹೊತ್ತಿಗೆ ನಿಜವಾಗಿ ಸಿಕ್ಕಿಹಾಕಿಕೊಂಡಿದ್ದವರ ಸಂದೇಶ ಅದರ ಕೆಳಗೆಲ್ಲೋ ಹೂತುಹೋಗಿತ್ತು.

ಅವತ್ತಿನಿಂದ ಯಾವ ಜಾಲತಾಣ ನೋಡಿದರೂ ನಾನು ಮೊದಲು ಕೇಳುವುದು ಒಂದೇ. ಇಲ್ಲಿ ಒಂದು ಕೂಗನ್ನು ಹೊರಡಿಸಬಹುದು, ಸರಿ. ಕೆಲಸ ಆದಮೇಲೆ ಅದನ್ನು ನಿಲ್ಲಿಸಬಹುದಾ?

ಹೋಲಿಕೆಗೆ ಇಳಿಯುವ ಮೊದಲು ಒಂದು ಮಾತು. ಜೀವಕ್ಕೆ ಅಪಾಯ ಇದ್ದರೆ ಮೊದಲ ಕರೆ 112ಕ್ಕೆ. ಆಂಬುಲೆನ್ಸಿಗೆ 108. ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮಿಗೆ 1077. ಪೋಸ್ಟ್ ಹಾಕಿ ಆಮೇಲೆ ಕರೆ ಮಾಡೋಣ ಅನ್ನುವುದು ಬೇಡ. ಕರೆ ಮಾಡಿಯಾದ ಮೇಲೆ, ಅಥವಾ ಕರೆ ಹೋಗದೇ ಇದ್ದಾಗ, ಜಾಲತಾಣ. ದೋಣಿ, ಹಗ್ಗ, ಜೆಸಿಬಿ ಇರುವುದು ಸರ್ಕಾರದ ಹತ್ತಿರ ಮತ್ತು ಪಕ್ಕದ ಮನೆಯವರ ಹತ್ತಿರ. ಫೋನಿನೊಳಗಿನ ಸಾವಿರ ಗೆಳೆಯರ ಹತ್ತಿರ ಅಲ್ಲ.

ಯಾವುದನ್ನು ಇಟ್ಟುಕೊಂಡು ತೂಗುವುದು?

ಸಂದೇಶ ನಿಲ್ಲಿಸಬಹುದಾ ಅನ್ನುವುದು ಆಯ್ತು. ಎರಡನೆಯದು ಸಿಗ್ನಲ್. ಟವರಿಗೆ ಕರೆಂಟ್ ಹೋಗಿ, ಬ್ಯಾಟರಿ ಇಳಿದು, 4ಜಿ ಇದ್ದದ್ದು 2ಜಿ ಆದಾಗಲೂ ಅದು ಕುಂಟಿಕೊಂಡಾದರೂ ನಡೆಯುತ್ತಾ? ಮೂರನೆಯದು, ಅದು ಯಾರ ಕಿವಿಗೆ ಬೀಳುತ್ತದೆ: ಗುರುತಿನವರಿಗೋ, ಅಪರಿಚಿತರಿಗೋ, ಅಧಿಕಾರಿಗಳಿಗೋ? ನಾಲ್ಕನೆಯದು, ನಮ್ಮ ಫೋನ್ ನಂಬರು, ಮನೆ ವಿಳಾಸ ಎಷ್ಟು ಜನರ ಕೈಗೆ ಹೋಗುತ್ತದೆ? ಇದನ್ನು ಯಾರೂ ಯೋಚನೆ ಮಾಡುವುದಿಲ್ಲ. ಹೆಣ್ಣುಮಕ್ಕಳ ನಂಬರು ಹೊರಗೆ ಹೋದಮೇಲೆ ಯೋಚನೆ ಮಾಡುತ್ತಾರೆ. ಕೊನೆಯದು ಖರ್ಚು. ಇಲ್ಲಿ ಹೇಳುವ ಹೆಚ್ಚಿನವು ಬಿಟ್ಟಿಯೇ. ಆದರೆ ದುಡ್ಡು ಕೇಳದ್ದು ಜನ ಕೇಳುತ್ತದೆ. ದಿನಕ್ಕೆ ಎಷ್ಟು ಜನ ಎಷ್ಟು ಗಂಟೆ ಕೂರಬೇಕು ಅನ್ನುವುದೇ ಅದರ ಬೆಲೆ.

ವಾಟ್ಸಾಪ್: ಎಲ್ಲರ ಹತ್ತಿರ ಇದೆ, ಅದೇ ಅನುಕೂಲ, ಅದೇ ತೊಂದರೆ

ಊರಿನ ಅಜ್ಜಿಯ ಫೋನಿನಲ್ಲೂ ಇರುವ ಆ್ಯಪ್ ಇದೊಂದೇ. ಹೊಸದಾಗಿ ಏನನ್ನೂ ಕಲಿಸಬೇಕಿಲ್ಲ. ಬರೆಯಲು ಬಾರದವರು ಮಾತಾಡಿ ಕಳಿಸುತ್ತಾರೆ. ನೆಟ್ ತೀರಾ ನಿಧಾನ ಇದ್ದರೂ ಅಕ್ಷರದ ಸಂದೇಶ ಹೇಗೋ ನುಸುಳಿಕೊಂಡು ಹೋಗುತ್ತದೆ. ಒಂದು ಗ್ರೂಪಿಗೆ 1024 ಜನ ಹಿಡಿಸುತ್ತಾರೆ. ಒಂದು ಊರಿಗೆ ಅಷ್ಟು ಧಾರಾಳವಾಗಿ ಸಾಕು.

ತೊಂದರೆ ಶುರುವಾಗುವುದು ಫಾರ್ವರ್ಡಿನಲ್ಲಿ. ನಿಮ್ಮ ಗ್ರೂಪಿನಲ್ಲಿ ಹಾಕಿದ ಸಂದೇಶವನ್ನು ನೀವು ಅಳಿಸಬಹುದು, ಅಡ್ಮಿನ್ ಕೂಡ ಅಳಿಸಬಹುದು. ಆದರೆ ಅದಾಗಲೇ ಬೇರೆ ಗ್ರೂಪಿಗೆ ಹಾರಿಹೋಗಿದ್ದರೆ ಮುಗಿಯಿತು, ಅದು ನಿಮ್ಮದಲ್ಲ. ಅದಕ್ಕೆ ದಿನಾಂಕ ಇರುವುದಿಲ್ಲ, ಬರೆದವರ ಹೆಸರು ಇರುವುದಿಲ್ಲ. "ತುರ್ತಾಗಿ ಬೇಕಾಗಿದೆ" ಅಂತ ಮಾತ್ರ ಇರುತ್ತದೆ. ವರ್ಷವಾದರೂ ತಿರುಗುತ್ತಿರುತ್ತದೆ. ನಮ್ಮ ನಂಬರ್ ಇದ್ದ ಒಂದು ಸಂದೇಶ ಮರುವರ್ಷದ ಪ್ರವಾಹದಲ್ಲಿ ಬೆಳಗಾವಿ ಕಡೆಯಿಂದ ನಮಗೇ ವಾಪಸ್ ಬಂದಿತ್ತು!

ಸುಳ್ಳು ಸುದ್ದಿಯ ವಿಷಯದಲ್ಲಂತೂ ನಮ್ಮ ರಾಜ್ಯಕ್ಕೆ ಕಹಿ ನೆನಪಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ವದಂತಿಗೆ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರು ಬಲಿಯಾದರು. ದೇಶದ ಬೇರೆ ಕಡೆಗಳಲ್ಲೂ ಅಂಥವೇ ನಡೆದಿದ್ದವು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅನ್ನುವ ಮಿತಿ ಹಾಕಿತು. 2020ರಿಂದ, ತುಂಬಾ ಸಲ ಫಾರ್ವರ್ಡ್ ಆದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಲು ಆಗುತ್ತದೆ. ಅಂಥದ್ದರ ಮೇಲೆ ಜೋಡಿ ಬಾಣದ ಗುರುತು ಇರುತ್ತದೆ. ನಮ್ಮ ತಂಡದಲ್ಲಿ ನಿಯಮ ಸರಳ: ಜೋಡಿ ಬಾಣ ಇರುವ ಸಹಾಯದ ಕೂಗು ಹಳೆಯದು ಅಂತಲೇ ಹಿಡಿಯುವುದು. ಒಬ್ಬರು ಮಾತ್ರ ಕರೆ ಮಾಡಿ ನೋಡುವುದು. ಉಳಿದವರು ಸುಮ್ನೆ ಇರುವುದು.

ಗ್ರೂಪ್ ಮಾಡುವುದೇ ಆದರೆ ಎರಡು ಮಾಡಿ. ಒಂದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬೇಕು, ಊರೆಲ್ಲ ಓದಬೇಕು. ಇನ್ನೊಂದರಲ್ಲಿ ಕೆಲಸ ಮಾಡುವ ಹದಿನೈದು ಇಪ್ಪತ್ತು ಜನ ಮಾತ್ರ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ಎರಡರಲ್ಲೂ ಬೇಡ. ಇದನ್ನು ಗಟ್ಟಿಯಾಗಿ ಹೇಳುವ ಒಬ್ಬ ನಿಷ್ಠುರದ ಅಡ್ಮಿನ್ ಬೇಕು. ಹಲವು ಹಳ್ಳಿಗಳನ್ನು ಸೇರಿಸುವುದಾದರೆ 2022ರಲ್ಲಿ ಬಂದ ಕಮ್ಯುನಿಟಿ ಅನ್ನುವ ಸೌಲಭ್ಯ ಒಳ್ಳೆಯದು. ಒಂದೇ ಪ್ರಕಟಣೆ ಎಲ್ಲ ಗ್ರೂಪಿಗೂ ಹೋಗುತ್ತದೆ. ಬರೀ ಗ್ರೂಪಿನಲ್ಲಿ ನಿಮ್ಮ ನಂಬರ್ ಎಲ್ಲ ಸದಸ್ಯರಿಗೂ ಕಾಣುತ್ತದೆ ಅನ್ನುವುದು ನೆನಪಿರಲಿ.

ಫೋಟೋದ ಬಗ್ಗೆ ಒಂದು ಚಿಕ್ಕ ವಿಷಯ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಫೋಟೋ ಕಳಿಸಿದರೆ ಅದು ಎಲ್ಲಿ, ಯಾವಾಗ ತೆಗೆದದ್ದು ಅನ್ನುವ ಒಳಗಿನ ಮಾಹಿತಿ ಹಾರಿಹೋಗುತ್ತದೆ. ಕುಸಿದ ರಸ್ತೆಯ ಫೋಟೋ ಬಂತು, ಯಾವ ರಸ್ತೆ ಅಂತ ಯಾರಿಗೂ ಗೊತ್ತಿಲ್ಲ. ಹಾಗಾಗಿ ಜಾಗ, ದಿನಾಂಕ, ಹೊತ್ತು ಫೋಟೋದ ಕೆಳಗೆ ಬರೆದೇ ಕಳಿಸಿ. ಲೊಕೇಶನ್ ಪಿನ್ ಒಂದು ಸಲ ಕಳಿಸಿದರೆ ಸಾಕು. ಲೈವ್ ಲೊಕೇಶನ್ ಎಂಟು ಗಂಟೆಗೆ ಹಾಕಿದರೆ ಬ್ಯಾಟರಿ ಅದಕ್ಕೇ ಖಾಲಿ.

ಎಕ್ಸ್: ದೊಡ್ಡ ಧ್ವನಿ, ದೊಡ್ಡ ಸಂತೆ

ಎಕ್ಸ್, ಅಂದರೆ ಹಳೆಯ ಟ್ವಿಟರ್, ಅಪರಿಚಿತರ ಜಾಗ. ವಾಟ್ಸಾಪ್ ಮಾಡಲಾಗದ್ದು ಅದು ಮಾಡುವುದು ಅದಕ್ಕೇ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ ಚೆನ್ನೈರೈನ್ಸ್ ಅನ್ನುವ ಹ್ಯಾಶ್‌ಟ್ಯಾಗಿನ ಕೆಳಗೆ ಜನ ಗುರುತಿಲ್ಲದವರಿಗೆ ತಮ್ಮ ಮನೆ ಬಾಗಿಲು ತೆರೆದರು. ಯಾರ ಮನೆಯಲ್ಲಿ ಎಷ್ಟು ಜನ ಮಲಗಬಹುದು ಅನ್ನುವ ಪಟ್ಟಿಗಳೇ ಆದವು. ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು. ಚೆನ್ನೈಯ ಎಷ್ಟೋ ಕಡೆ ಕರೆಂಟ್ ಇರಲಿಲ್ಲ, ನೆಟ್ ಇರಲಿಲ್ಲ. ಬೇರೆ ಊರು, ಬೇರೆ ದೇಶದಲ್ಲಿ ಕೂತವರು ಆ ಪಟ್ಟಿಗಳನ್ನು ನಿಭಾಯಿಸಿದರು, ನಂಬರುಗಳಿಗೆ ಕರೆ ಮಾಡಿ ನೋಡಿದರು.

2021ರ ಏಪ್ರಿಲ್, ಮೇ ತಿಂಗಳ ಕೊರೊನಾ ಎರಡನೇ ಅಲೆಯಲ್ಲಿ ಬೆಂಗಳೂರಿನವರಿಗೆ ಇದು ಇನ್ನೂ ಹತ್ತಿರದಿಂದ ಗೊತ್ತು. ಆಕ್ಸಿಜನ್, ಐಸಿಯು ಹಾಸಿಗೆ, ಪ್ಲಾಸ್ಮಾ ಅಂತ ಗಂಟೆಗೆ ನೂರಾರು ಕೂಗು. ಆಗ ಕೆಲವು ಕಡೆ ಹೀಗೆ ಪೋಸ್ಟ್ ಹಾಕಿದವರ ಮೇಲೇ ಕೇಸ್ ಹಾಕುವ ಮಾತು ಬಂತು. ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಜನ ತಮ್ಮ ಕಷ್ಟವನ್ನು ಜಾಲತಾಣದಲ್ಲಿ ಹೇಳಿಕೊಂಡರೆ ಅದನ್ನು ಹತ್ತಿಕ್ಕಬಾರದು ಅಂದಿತು. ಹಾಗಾಗಿ ನಿಜವಾದ ಕಷ್ಟ ಹೇಳಲು ಹೆದರಬೇಕಿಲ್ಲ. ಸುಳ್ಳು ಎಚ್ಚರಿಕೆ ಹರಡಿ ಗಾಬರಿ ಹುಟ್ಟಿಸುವುದು ಬೇರೆ. ಅದಕ್ಕೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಇದೆ.

ಈಗಿನ ಎಕ್ಸ್ ಆಗಿನ ಟ್ವಿಟರ್ ಅಲ್ಲ, ಇದನ್ನು ಒಪ್ಪಿಕೊಳ್ಳಬೇಕು. ನೀಲಿ ಗುರುತು ದುಡ್ಡು ಕೊಟ್ಟವರಿಗೆಲ್ಲ ಸಿಗುತ್ತದೆ. ಹಾಗಾಗಿ ಅದನ್ನು ನಂಬಿಕೆಯ ಮುದ್ರೆ ಅಂತ ತಿಳಿಯಬೇಡಿ. ಸರ್ಕಾರಿ ಖಾತೆಗಳಿಗೆ ಬೂದು ಬಣ್ಣದ ಗುರುತು ಇರುತ್ತದೆ, ನೋಡಬೇಕಾದ್ದು ಅದನ್ನು. ಹಾಕಿದ ಪೋಸ್ಟನ್ನು ತಿದ್ದಲು ದುಡ್ಡು ಕಟ್ಟಿರಬೇಕು, ಇಲ್ಲದಿದ್ದರೆ ಅಳಿಸಿ ಹೊಸದಾಗಿ ಹಾಕಬೇಕು. ನಿಲ್ಲಿಸುವ ಪರೀಕ್ಷೆಯಲ್ಲಿ ಇದು ಅರ್ಧ ಪಾಸು. ಮೂಲ ಪೋಸ್ಟ್ ಅಳಿಸಿದರೆ ರೀಪೋಸ್ಟುಗಳೂ ಹೋಗುತ್ತವೆ, ಅದು ವಾಟ್ಸಾಪಿಗಿಂತ ಎಷ್ಟೋ ಮೇಲು. ಆದರೆ ಯಾರೋ ಸ್ಕ್ರೀನ್‌ಶಾಟ್ ತೆಗೆದು ಹಾಕಿದ್ದು ಅಲ್ಲೇ ಉಳಿಯುತ್ತದೆ.

ಅಧಿಕಾರಿಗಳ ಗಮನ ಸೆಳೆಯುವುದರಲ್ಲಿ ಮಾತ್ರ ಎಕ್ಸ್ ಇವತ್ತಿಗೂ ಮುಂದು. ಪೊಲೀಸರು, ಜಿಲ್ಲಾಡಳಿತ, ರೈಲ್ವೆ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎಲ್ಲ ಅಲ್ಲಿ ಇದ್ದಾರೆ. ನಗರದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ನೀರು ನುಗ್ಗಿ ಟೆಕ್ಕಿಗಳು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದ ಚಿತ್ರಗಳು ದೇಶವೆಲ್ಲ ಓಡಾಡಿದ್ದು ಇಲ್ಲಿಂದಲೇ. ಅದೇ ವರ್ಷ ಉತ್ತರ ಕರ್ನಾಟಕದ ಯಾವುದೋ ಹಳ್ಳ ತುಂಬಿ ಒಂದು ಹಳ್ಳಿ ಮೂರು ದಿನ ದ್ವೀಪವಾಗಿದ್ದರೆ ಅದಕ್ಕೆ ಹ್ಯಾಶ್‌ಟ್ಯಾಗ್ ಇರುತ್ತಿರಲಿಲ್ಲ ಅಲ್ವಾ? ಎಕ್ಸಿನಲ್ಲಿ ಯಾರ ಧ್ವನಿ ದೊಡ್ಡದೋ ಅವರ ಪ್ರವಾಹವೇ ದೊಡ್ಡದು. ಹಳ್ಳಿಯವರು ಅದನ್ನೇ ನೆಚ್ಚಿ ಕೂರಬಾರದು.

ಟೆಲಿಗ್ರಾಂ: ಅಂಗಡಿ ಚೆನ್ನಾಗಿದೆ, ಗಿರಾಕಿ ಇಲ್ಲ

ಗುಣ ನೋಡಿದರೆ ಇದೇ ಒಳ್ಳೆಯದು. ಗ್ರೂಪಿಗೆ 2 ಲಕ್ಷ ಜನ ಹಿಡಿಸುತ್ತಾರೆ. ನಿಮ್ಮ ನಂಬರ್ ಮುಚ್ಚಿಡಬಹುದು. ಹಾಕಿದ್ದನ್ನು ತಿದ್ದಬಹುದು. ಚಾನೆಲ್ಲಿನಿಂದ ಫಾರ್ವರ್ಡ್ ಆದ ಸಂದೇಶದ ನೆತ್ತಿಯ ಮೇಲೆ ಮೂಲ ಚಾನೆಲ್ಲಿನ ಹೆಸರು ಇರುತ್ತದೆ. ಒತ್ತಿದರೆ ನೇರ ಅಲ್ಲಿಗೇ ಹೋಗಬಹುದು, "ಈ ಕೆಲಸ ಮುಗಿದಿದೆ" ಅಂತ ತಿದ್ದಿರುವುದು ಕಾಣುತ್ತದೆ. ನಾನು ಮೊದಲು ಕೇಳಿದ ಪ್ರಶ್ನೆಗೆ ಇಷ್ಟು ಚೆನ್ನಾಗಿ ಉತ್ತರ ಕೊಡುವ ಇನ್ನೊಂದು ಆ್ಯಪ್ ಇಲ್ಲ.

ಆದರೆ ನಮ್ಮೂರ ಅಂಗಡಿಯವರ, ಆಶಾ ಕಾರ್ಯಕರ್ತೆಯ, ಜೀಪಿನವರ ಫೋನಿನಲ್ಲಿ ಅದು ಇಲ್ಲ. ಮಳೆ ಸುರಿಯುವಾಗ ಇನ್‌ಸ್ಟಾಲ್ ಮಾಡಿಕೊಳ್ಳಿ ಅನ್ನುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಕಾಲೇಜು ಹುಡುಗರ ತಂಡ, ತಾಲ್ಲೂಕು ಮಟ್ಟದ ಸ್ವಯಂಸೇವಕರು, ಇವರಿಗೆ ಸರಿ. ಇಡೀ ಊರಿಗೆ ಅಲ್ಲ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ

ಫೇಸ್‌ಬುಕ್ಕಿನ ಒಂದು ಸೌಲಭ್ಯ ಮಾತ್ರ ಇಲ್ಲಿ ಹೋಲಿಸುವ ಬೇರೆ ಯಾವುದರಲ್ಲೂ ಇಲ್ಲ. 2014ರಲ್ಲಿ ಶುರುವಾದ ಸೇಫ್ಟಿ ಚೆಕ್. 2015ರ ಏಪ್ರಿಲಿನ ನೇಪಾಳ ಭೂಕಂಪದಲ್ಲಿ, ಅದೇ ವರ್ಷ ಚೆನ್ನೈ ಪ್ರವಾಹದಲ್ಲಿ ಜನ ಒಂದು ಗುಂಡಿ ಒತ್ತಿ "ನಾನು ಕ್ಷೇಮ" ಅಂದರು, ನೂರಾರು ನೆಂಟರಿಗೆ ಒಟ್ಟಿಗೇ ಗೊತ್ತಾಯಿತು. ಒಬ್ಬರು ನೂರು ಕರೆ ಎತ್ತುವುದು ತಪ್ಪಿತು. ದೂರದಲ್ಲಿರುವ ಮಕ್ಕಳಿಗೆ ಇದು ದೊಡ್ಡ ಸಮಾಧಾನ. ಆದರೆ ಅದನ್ನು ನಾವೇ ಬೇಕೆಂದಾಗ ಶುರು ಮಾಡಲು ಬರುವುದಿಲ್ಲ. ದೊಡ್ಡ ಅನಾಹುತವಾಗಿ, ಆ ಜಾಗದ ಬಗ್ಗೆ ಜಾಸ್ತಿ ಜನ ಬರೆಯತೊಡಗಿದರೆ ಮಾತ್ರ ಅದು ಎದ್ದು ಕೂರುತ್ತದೆ.

ಉಳಿದಂತೆ ಫೇಸ್‌ಬುಕ್ ಆ ಕ್ಷಣದ ಕೆಲಸಕ್ಕೆ ಆಗುವುದಿಲ್ಲ. ಮೊನ್ನೆಯ ಪೋಸ್ಟ್ ಇವತ್ತು ಮೇಲೆ ಬರುತ್ತದೆ, ಈಗಿನದು ಕಾಣುವುದೇ ಇಲ್ಲ. ಅದರ ಹೊತ್ತು ಬರುವುದು ನೀರು ಇಳಿದ ಮೇಲೆ. ಯಾವ ಶಾಲೆಯಲ್ಲಿ ಪುಸ್ತಕ ಹೋಯಿತು, ಯಾರ ಕೊಟ್ಟಿಗೆ ಬಿತ್ತು, ಯಾವುದಕ್ಕೆ ಎಷ್ಟು ಖರ್ಚಾಯಿತು ಅಂತ ಉದ್ದಕ್ಕೆ, ಲೆಕ್ಕ ಸಮೇತ ಬರೆಯಲು ಒಳ್ಳೆಯ ಜಾಗ.

ಇನ್‌ಸ್ಟಾಗ್ರಾಂ ಸ್ಟೋರಿ 24 ಗಂಟೆಗೆ ಮಾಯ. ತಾನಾಗೇ ನಿಲ್ಲುತ್ತದೆ ಅನ್ನುವುದು ಅದರ ಗುಣ! ಇವತ್ತು ಸಂಜೆ ಐದಕ್ಕೆ ಕಂಬಳಿ ತಂದುಕೊಡಿ ಅಂತ ನಗರದ ಹುಡುಗರನ್ನು ಕರೆಯಲು ಚೆನ್ನಾಗಿದೆ. ಅದಕ್ಕಿಂತ ಜಾಸ್ತಿ ಬೇಡ.

ಎಸ್‌ಎಂಎಸ್, ಮತ್ತು ಹಳೆಯ ಕೀಪ್ಯಾಡ್ ಫೋನ್

ಇದು ಜಾಲತಾಣ ಅಲ್ಲ, ಗೊತ್ತು. ಆದರೆ ಇದನ್ನು ಬಿಟ್ಟು ಹೋಲಿಸಿದರೆ ಮಲೆನಾಡಿನವರು ನಗುತ್ತಾರೆ. ಇಂಟರ್‌ನೆಟ್ ಸತ್ತ ಮೇಲೂ ಒಂದು ಕಡ್ಡಿ ಸಿಗ್ನಲ್ ಇದ್ದರೆ ಎಸ್‌ಎಂಎಸ್ ಹೋಗುತ್ತದೆ. ಕರೆ ಹೋಗದಿದ್ದಾಗಲೂ ಹೋಗುತ್ತದೆ. ಕೀಪ್ಯಾಡ್ ಫೋನಿನ ಬ್ಯಾಟರಿ ದಿನಗಟ್ಟಲೆ ಬರುತ್ತದೆ.

ಕನ್ನಡದಲ್ಲಿ ಕಳಿಸುವವರಿಗೆ ಒಂದು ಲೆಕ್ಕ ತಿಳಿದಿರಲಿ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಎಸ್‌ಎಂಎಸ್‌ಗೆ 160 ಜಾಗ. ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಒತ್ತು, ಗುಣಿತದ ಗುರುತುಗಳೆಲ್ಲ ಬೇರೆ ಬೇರೆ ಲೆಕ್ಕ. "ರಸ್ತೆ" ನಮ್ಮ ಕಣ್ಣಿಗೆ ಎರಡಕ್ಷರ, ಫೋನಿಗೆ ಐದು. ಉದ್ದವಾದರೆ ಅದು ಎರಡು ಮೂರು ತುಂಡಾಗಿ ಹೋಗುತ್ತದೆ, ಸಿಗ್ನಲ್ ಕೈಕೊಟ್ಟರೆ ಒಂದು ತುಂಡು ಬಂದು ಇನ್ನೊಂದು ಬರುವುದಿಲ್ಲ. ಹಾಗಾಗಿ ಚಿಕ್ಕದಾಗಿ ಬರೆಯುವ ಅಭ್ಯಾಸ ಬೇಕು. ಮತ್ತೆ, ಒಂದೊಂದು ಸಿಮ್ಮಿಗೆ ಸಾಮಾನ್ಯ ಪ್ಯಾಕುಗಳಲ್ಲಿ ದಿನಕ್ಕೆ 100 ಎಸ್‌ಎಂಎಸ್. ಊರಿಗೆಲ್ಲ ಕಳಿಸಲು ಆಗದು, ಕೇರಿಗೊಬ್ಬರಿಗೆ ಕಳಿಸಲು ಸಾಕು.

ಎಸ್‌ಎಂಎಸ್‌ನಿಂದ ವದಂತಿ ಹಬ್ಬುವುದಿಲ್ಲ ಅಂತಲೂ ಅಲ್ಲ. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದ್ದು ಇಂಥ ಸಂದೇಶಗಳಿಗೆ ಹೆದರಿಯೇ. ಆಗ ಸರ್ಕಾರ ಕೆಲವು ದಿನ, ಒಂದು ಸಲಕ್ಕೆ ಐದಕ್ಕಿಂತ ಜಾಸ್ತಿ ಜನರಿಗೆ ಎಸ್‌ಎಂಎಸ್ ಕಳಿಸದಂತೆ ಮಾಡಿತ್ತು.

ಪಟ್ಟಿ: ಯಾರೂ ಇಷ್ಟಪಡದ, ಎಲ್ಲಕ್ಕಿಂತ ಮುಖ್ಯವಾದ ಸಾಮಾನು

ಬಂದ ಕೂಗುಗಳ ಪಟ್ಟಿ ಇಡಲು ಗೂಗಲ್ ಶೀಟ್, ಅಂದರೆ ನೆಟ್ಟಿನಲ್ಲಿ ಹಲವರು ಒಟ್ಟಿಗೆ ತುಂಬಬಹುದಾದ ಕೋಷ್ಟಕ. ಅದೂ ಬಿಟ್ಟಿಯೇ. ಒಂದು ಕೂಗಿಗೆ ಒಂದು ಸಾಲು. ಜಾಗ, ಎಷ್ಟು ಜನ, ಏನು ಬೇಕು, ಯಾರು ಹೇಳಿದ್ದು, ಎಷ್ಟು ಹೊತ್ತಿಗೆ, ಯಾರು ಕರೆ ಮಾಡಿ ನೋಡಿದರು, ಮುಗಿಯಿತಾ. ಕೊನೆಯ ಕಾಲಂ ಇದ್ದರೆ ನಲವತ್ತು ಜನ ಒಬ್ಬರಿಗೇ ಕರೆ ಮಾಡುವುದು ನಿಲ್ಲುತ್ತದೆ. 2018ರಲ್ಲಿ ಕೇರಳದಲ್ಲಿ ಅಲ್ಲಿನ ರಾಜ್ಯ ಐಟಿ ಮಿಷನ್ ಸ್ವಯಂಸೇವಕರ ಜೊತೆ ಸೇರಿ ಕೇರಳರೆಸ್ಕ್ಯೂ ಅನ್ನುವ ತಾಣ ಮಾಡಿತ್ತು. ಎಲ್ಲ ಕೂಗೂ ಒಂದೇ ಫಾರಮ್ಮಿಗೆ ಬಂದು ಬೀಳಲಿ ಅನ್ನುವುದು ಅದರ ಯೋಚನೆ. ನಮ್ಮ ಕೊಡಗಿನ ಕೆಲಸ ಮಾಡುತ್ತಾ ಅದನ್ನು ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೆ.

ಊರ ಮಟ್ಟಕ್ಕೆ ಶೀಟ್ ಸಾಕು. ಲಿಂಕ್ ಇದ್ದವರೆಲ್ಲ ತಿದ್ದುವಂತೆ ಬಿಟ್ಟರೆ ಯಾರದೋ ಬೆರಳು ತಾಗಿ ಇಪ್ಪತ್ತು ಸಾಲು ಮಾಯವಾಗುತ್ತದೆ. ನಾಲ್ಕು ಜನಕ್ಕೆ ಮಾತ್ರ ತಿದ್ದುವ ಅಧಿಕಾರ ಕೊಡಿ. ಫೋನ್ ನಂಬರಿನ ಕಾಲಂ ಇರುವ ಶೀಟನ್ನು ಹೊರಗಿನವರಿಗೆ ತೋರಿಸಲೇಬೇಡಿ. ಇದಕ್ಕೆ ದುಡ್ಡಿಲ್ಲ, ಆದರೆ ದಿನವಿಡೀ ಕೂರುವ ಇಬ್ಬರು ಬೇಕು. ಬೇಜಾರಿನ ಕೆಲಸ. ವಿಡಿಯೋದಲ್ಲಿ ಯಾರೂ ಇವರನ್ನು ತೋರಿಸುವುದಿಲ್ಲ.

ಸರಿ, ನಿಮಗೆ ಯಾವುದು?

ಐವತ್ತು ಅರವತ್ತು ಮನೆಯ ಮಲೆನಾಡಿನ ಊರು, ಮಳೆಗಾಲದಲ್ಲಿ ಸಿಗ್ನಲ್ ಬಂದರೂ ಬಂತು ಇಲ್ಲದಿದ್ದರೂ ಇಲ್ಲ. ನಿಮಗೆ ಒಂದು ವಾಟ್ಸಾಪ್ ಪ್ರಕಟಣೆ ಗ್ರೂಪ್, ಅದರ ಬೆನ್ನಿಗೆ ಎಸ್‌ಎಂಎಸ್. ಕೇರಿಗೊಬ್ಬರನ್ನು ಗೊತ್ತು ಮಾಡಿ. ಅವರ ಹತ್ತಿರ ಕೀಪ್ಯಾಡ್ ಫೋನ್ ಮತ್ತು ಬೇರೆ ಕಂಪನಿಯ ಎರಡನೇ ಸಿಮ್ ಇರಲಿ. ಒಂದು ಟವರ್ ಮಲಗಿದರೆ ಇನ್ನೊಂದು ಇರಬಹುದು. ದುಡ್ಡು ಇದ್ದರೆ ಆ್ಯಪ್‌ಗೆ ಅಲ್ಲ, ಪವರ್ ಬ್ಯಾಂಕಿಗೆ ಹಾಕಿ. ಮನೆಗಳ ಪಟ್ಟಿಯನ್ನು ಕಾಗದದಲ್ಲೂ ಬರೆದಿಡಿ: ಯಾರ ಮನೆಯಲ್ಲಿ ನಡೆಯಲಾಗದವರಿದ್ದಾರೆ, ಯಾರಿಗೆ ಡಯಾಲಿಸಿಸ್, ಯಾರು ಬಸುರಿ. ಟೆಲಿಗ್ರಾಂ, ಎಕ್ಸ್ ಚಿಂತೆ ನಿಮಗೆ ಬೇಡ. ತಾಲ್ಲೂಕಿನಲ್ಲಿರುವ ನಿಮ್ಮೂರ ಹುಡುಗ ಒಬ್ಬ ನಿಮ್ಮ ಪರವಾಗಿ ಎಕ್ಸಿನಲ್ಲಿ ಬರೆಯಲಿ.

ಅಣೆಕಟ್ಟಿನ ಕೆಳಗಿನ ಊರುಗಳಿಗೆ ಇನ್ನೊಂದು ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋಯಿತು. ಸುದ್ದಿ ನಿಜ. ಆದರೆ ಗೇಟ್ ಹೋಗುವುದು ಬೇರೆ, ಡ್ಯಾಂ ಒಡೆಯುವುದು ಬೇರೆ. ರಾತ್ರಿ ಹನ್ನೆರಡಕ್ಕೆ ನಿದ್ದೆಗಣ್ಣಲ್ಲಿ ಓದುವವರಿಗೆ ಎರಡೂ ಒಂದೇ. ಇಂಥ ಊರುಗಳಲ್ಲಿ ನೀರಿನ ಸುದ್ದಿ ಹಾಕುವ ಅಧಿಕಾರ ಒಬ್ಬರಿಗೇ ಇರಲಿ. ಅವರು ಕಂಟ್ರೋಲ್ ರೂಮಿಗೆ ಕರೆ ಮಾಡಿ ಕೇಳಿಯೇ ಹಾಕಲಿ. ಐದು ನಿಮಿಷ ತಡವಾದರೂ ಪರವಾಗಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ವಾಟ್ಸಾಪ್ ಆಗಲೇ ಇದೆ, ಅದು ಪಾರ್ಕಿಂಗ್ ಜಗಳಕ್ಕೆ ಮೀಸಲು. ತುರ್ತಿಗೆ ಬೇರೆಯದೇ ಗ್ರೂಪ್ ಮಾಡಿ. ನಿಮಗೆ ಎಕ್ಸ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ನೆಲಮಾಳಿಗೆಗೆ ನೀರು ನುಗ್ಗಿದರೆ ಮೊದಲು ಕರೆ, ಆಮೇಲೆ ಒಂದೇ ಖಾತೆಯಿಂದ ಒಂದೇ ಪೋಸ್ಟ್. ಐವತ್ತು ಜನ ಐವತ್ತು ಪೋಸ್ಟ್ ಹಾಕಿದರೆ ಐವತ್ತು ದೋಣಿ ಬರುವುದಿಲ್ಲ.

ನಗರದಲ್ಲಿ ಕೂತು ಹತ್ತಾರು ಹಳ್ಳಿಗೆ ಸಹಾಯ ಕಳಿಸುವ ತಂಡಕ್ಕೆ ಶೀಟ್ ಇಲ್ಲದೆ ಆಗುವುದೇ ಇಲ್ಲ. ಒಳಗಿನ ಮಾತಿಗೆ ಟೆಲಿಗ್ರಾಂ, ಹೊರಗಿನ ಕರೆಗೆ ಎಕ್ಸ್, ಇನ್‌ಸ್ಟಾಗ್ರಾಂ. "ಬಟ್ಟೆ ಸಾಕು, ಇನ್ನು ಕಳಿಸಬೇಡಿ" ಅನ್ನುವ ಪೋಸ್ಟನ್ನೂ "ಕಳಿಸಿ" ಅಂದಷ್ಟೇ ಜೋರಾಗಿ ಹಾಕಿ. ನಾವು 2018ರಲ್ಲಿ ಹಾಕಲಿಲ್ಲ. ಹಳೇ ಬಟ್ಟೆಯ ಮೂಟೆಗಳನ್ನು ವಿಂಗಡಿಸುವುದೇ ಒಂದು ವಾರದ ಕೆಲಸ ಆಯಿತು.

ಇನ್ನು ಹೊರದೇಶದಲ್ಲಿರುವವರು. ಅಪ್ಪ ಅಮ್ಮ ಫೋನ್ ಎತ್ತದಿದ್ದರೆ ಹತ್ತು ಸಲ ಹೊಡೆಯಬೇಡಿ, ಬ್ಯಾಟರಿ ಹೋಗುತ್ತದೆ. ಒಂದು ಎಸ್‌ಎಂಎಸ್ ಹಾಕಿ ಕಾಯಿರಿ. ಪಕ್ಕದ ಎರಡು ಮನೆಯವರ ನಂಬರು ಈಗಲೇ ಬರೆದಿಟ್ಟುಕೊಳ್ಳಿ. ಮತ್ತೆ, ನಿಮ್ಮಿಂದ ಒಂದು ದೊಡ್ಡ ಉಪಕಾರ ಆಗಬಲ್ಲದು. ಇಲ್ಲಿ ನಮಗೆ ನಡುರಾತ್ರಿ ಆದಾಗ ಅಮೆರಿಕದಲ್ಲಿ ಹಗಲು. ಶೀಟ್ ನೋಡಿಕೊಳ್ಳುವ ರಾತ್ರಿ ಪಾಳಿ ನಿಮ್ಮದಾಗಲಿ. ಕರೆಂಟ್ ಇದೆ, ನೆಟ್ ಇದೆ, ಕನ್ನಡ ಬರುತ್ತದೆ. ಚೆನ್ನೈಗೆ ದೂರದವರು ಮಾಡಿದ್ದು ಇದನ್ನೇ.

ಯಾವುದನ್ನೇ ಆರಿಸಿ, ಮಳೆ ಇಲ್ಲದ ಒಂದು ಭಾನುವಾರ ಅರ್ಧ ಗಂಟೆ ಆಡಿಸಿ ನೋಡಿ. ಶೀಟ್ ನೋಡಿಕೊಳ್ಳುವವರನ್ನು ಬಿಟ್ಟು ಎಲ್ಲರೂ ಮೊಬೈಲ್ ಡೇಟಾ ಆಫ್ ಮಾಡಿ. ಕೇರಿಯ ಕೊನೆಯ ಮನೆಯಿಂದ ಒಂದು ಎಸ್‌ಎಂಎಸ್ ಹೊರಡಲಿ. ಅದು ಶೀಟಿನ ಸಾಲಾಗಿ, ಯಾರೋ ಬಾಗಿಲು ತಟ್ಟಿ, ಮುಗಿಯಿತು ಅಂತ ಗುರುತು ಬೀಳಲು ಎಷ್ಟು ಹೊತ್ತಾಯಿತು ಅಂತ ಗಡಿಯಾರ ನೋಡಿ. ಸಂದೇಶ ಹೇಗಿರಬೇಕು ಅಂತ ಕೇಳುವವರಿಗೆ ನಾವು ತೋರಿಸುವ ಮಾದರಿ ಇದು. 70ರೊಳಗೆ ಮುಗಿಯುತ್ತದೆ:

"ಕೆಳಕೇರಿ ಕೊನೆ ಮನೆ. 4 ಜನ, ಅಜ್ಜಿ ನಡೆಯಲಾರರು. ನೀರು ಜಗಲಿಗೆ. ಬೆ.6.10"